ಹಳದಿ ದೀಪದ ಎಣಿಕೆ

ಅಮೆರಿಕೆಯ ಅನೇಕ ಟೊಯೋಟಾ ಮೋಟಾರುಗಳಲ್ಲಿ, ಬಂಡಿಯು ಸುಮಾರು 5,000 ಮೈಲಿ ಓಡಿತೆಂದರೆ ಚಾಲಕನ ಮುಂದೆ ಹಳದಿ ದೀಪವೊಂದು ಹೊತ್ತಿಕೊಳ್ಳುವುದು. ಯಂತ್ರವೇ ಕೆಟ್ಟಿತೆಂದು ಮನೆಮಂದಿ ಬೆದರಬೇಕಾಗಿಲ್ಲ. (ಎಣ್ಣೆಡಬ್ಬಿಯ ಚಿತ್ರವುಳ್ಳ ಕೆಂಪು ದೀಪದ ಮಾತು ಬೇರೆ, ಅದು ಎಣ್ಣೆಯ ಒತ್ತಡ ಕುಸಿದುದರ ಸೂಚನೆ. ಕಂಡೊಡನೆ ಬಂಡಿಯನ್ನು ಬದಿಗೊಯ್ದು ಯಂತ್ರವನ್ನು ನಿಲ್ಲಿಸತಕ್ಕದ್ದು.) ಹಳದಿ ದೀಪಕ್ಕೆ ಮೈಲಿಯ ಎಣಿಕೆಯೊಂದೇ ಗೊತ್ತು, ಎಣ್ಣೆಯ ಮುಖವನ್ನು ಅದು ಕಂಡುದಿಲ್ಲ. ಗುಂಡಿಯೊತ್ತಿ ಎಣಿಕೆಯನ್ನು ಸೊನ್ನೆಗೆ ತಂದರೆ, ಹಳೆಯ ಎಣ್ಣೆಯೇ ಇದ್ದರೂ ಸುಮ್ಮನಾಗುವುದು.

ನಾವು ಅಲ್ಲಿ ಕೊಂಡ ಹಳೆಯ ಬಂಡಿಯಲ್ಲಿ ದೀಪವು ಆರಿಯೇ ಇದ್ದಿತು. ಅಳತೆಯ ಕಡ್ಡಿಯನ್ನೆಳೆದು ನೋಡಿದರೆ ಎಣ್ಣೆಯು ಕಾಡಿಗೆಯಂತೆ ಕಪ್ಪು. ಅದೂ ಕಡ್ಡಿಯ ತುದಿಗೆ ಅಂಟುವಷ್ಟು ಮಾತ್ರ! ಮರುದಿನವೇ ಮಕ್ಕಳೊಡನೆ ದೂರಪಯಣಕ್ಕೆ ಹೊರಡುವವರಿದ್ದೆವು. ಅಂದಿನಿಂದ ಎಣ್ಣೆ ಬದಲಿಸಿದ ತಾರೀಖನ್ನೂ ಮೈಲಿಯನ್ನೂ ಮನೆಯ ಲೆಕ್ಕದ ಪುಸ್ತಕದಲ್ಲಿ, ಹಾಲಿನ ಬಾಬಿನ ಕೆಳಗೆ, ಬರೆಯುತ್ತ ಬಂದಿದ್ದೇವೆ.