ಬಚ್ಚಲ ಒಲೆಯ ಬೂದಿಯಲ್ಲಿ ಮಲಗುವ ನಾಯಿಗಳು

ಮಲೆನಾಡಿನಲ್ಲಿ ಆರ್ದ್ರಾ ಮಳೆ ಹಿಡಿಯಿತೆಂದರೆ ನಾಯಿಗಳು ಬಚ್ಚಲ ಒಲೆಯ ಬೂದಿ ಬಿಟ್ಟು ಏಳುವುದಿಲ್ಲ. ವಾರಗಟ್ಟಲೆ ಬಿಸಿಲಿಲ್ಲ, ಮೈ ಮೇಲಿನ ಕೂದಲು ಬುಡದವರೆಗೆ ಒಣಗುವುದಿಲ್ಲ, ಹಾಸಿಕೊಟ್ಟ ಗೋಣಿಚೀಲವೂ ಒದ್ದೆ. ಎಂಬತ್ತರ ದಶಕದ ಕೊನೆಯಲ್ಲಿ ತೀರ್ಥಹಳ್ಳಿ ಕಡೆಯ ಪಶು ಆಸ್ಪತ್ರೆಗೆ ನಾನು ವೈದ್ಯನಾಗಿ ಹೋದೆ. ಊರವರ ಬಾಯಲ್ಲಿ ಅದು ದನಿನ ಆಸ್ಪತ್ರೆ. ನಾಯಿಯನ್ನು ಅಲ್ಲಿಗೆ ಕರೆತರುವ ರೂಢಿಯೇ ಇರಲಿಲ್ಲ. ಕೆಚ್ಚಲುಬಾವಿಗೆ ಔಷಧಿ ಕಟ್ಟಿಸಿಕೊಂಡು ಹೊರಟವರು ಮೆಟ್ಟಿಲ ಹತ್ತಿರ ನಿಂತು, "ಹಂಗೇ ನಮ್ಮನೆ ನಾಯಿಗೂ ಎಂತಾರೂ ಕೊಡಿ ಡಾಕ್ಟ್ರೇ, ಮೈಯೆಲ್ಲ ಕಜ್ಜಿ" ಎನ್ನುತ್ತಿದ್ದರು.

ಕೂದಲು ಉದುರಿದ್ದೆಲ್ಲ ಕಜ್ಜಿ. ಗುಂಡಗೆ ಉದುರಲಿ, ಬೆನ್ನುದ್ದಕ್ಕೂ ಉದುರಲಿ, ಚರ್ಮ ಕಪ್ಪಾಗಿ ನಾರಲಿ, ಹೆಸರು ಒಂದೇ, ಮದ್ದೂ ಹೆಚ್ಚುಕಡಿಮೆ ಒಂದೇ. ಗಂಧಕದ ಪುಡಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚುವುದು, ಹೊಂಗೆ ಎಣ್ಣೆ ಸವರುವುದು, ಇಲ್ಲವೇ ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ಸುರಿಯುವುದು. ಗಂಧಕಕ್ಕೆ ಗುಣ ಇತ್ತು. ಸುಣ್ಣ ಗಂಧಕದ ದ್ರಾವಣಕ್ಕೆ ಕಜ್ಜಿಯ ಹುಳವೂ ಬಗ್ಗುತ್ತದೆ, ಶಿಲೀಂಧ್ರವೂ ಬಗ್ಗುತ್ತದೆ. ಪಠ್ಯಪುಸ್ತಕಗಳಲ್ಲಿ ಅದು ಇಂದಿಗೂ ಇದೆ. ಸೀಮೆಅಗಸೆ ಸೊಪ್ಪನ್ನು ಅರೆದು ಹುಳುಕಡ್ಡಿಗೆ ಹಚ್ಚುತ್ತಿದ್ದ ಅಜ್ಜಿಯರೂ ಸುಮ್ಮನೆ ಹಚ್ಚುತ್ತಿರಲಿಲ್ಲ. ಆ ಎಲೆಯಲ್ಲಿ ಶಿಲೀಂಧ್ರವನ್ನು ತಡೆಯುವ ಕ್ರೈಸೋಫಾನಿಕ್ ಆಮ್ಲವಿದೆ. ಆದರೆ ಸುಟ್ಟ ಆಯಿಲ್ ಬರೀ ವಿಷ. ನಾಯಿ ಮೈ ನೆಕ್ಕದೆ ಇರುವುದಿಲ್ಲ. ಚರ್ಮ ಸುಟ್ಟು, ಹೊಟ್ಟೆಗೂ ಹೋಗಿ, ವಾಂತಿ ಮಾಡುತ್ತ ಬಿದ್ದ ನಾಯಿಗಳನ್ನು ನೋಡಿದವನು ನಾನು. ಕಾಯಿಲೆಯಿಂದ ಸಾಯದ ನಾಯಿ ಮದ್ದಿನಿಂದ ಸತ್ತರೆ ಹೊಟ್ಟೆ ಉರಿಯುತ್ತದೆ.

ಆಸ್ಪತ್ರೆಯಲ್ಲಿ ಒಂದು ಸೂಕ್ಷ್ಮದರ್ಶಕ ಇತ್ತು. ಸಗಣಿಯಲ್ಲಿ ಜಂತುವಿನ ಮೊಟ್ಟೆ ನೋಡಲು, ಜ್ವರ ಬಂದ ದನದ ರಕ್ತ ನೋಡಲು ಕೊಟ್ಟದ್ದು. ಅದರಡಿ ನಾಯಿಯ ಕೂದಲು ಇಟ್ಟಾಗ ಕಂಪೌಂಡರ್ ನಕ್ಕಿದ್ದರು. ಕೆಲಸ ದೊಡ್ಡದೇನಲ್ಲ. ಉದುರಿದ ಜಾಗದ ನಡುವಿನಿಂದಲ್ಲ, ಅಂಚಿನಿಂದ ಮುರುಕಲು ಕೂದಲನ್ನು ಚಿಮಟದಲ್ಲಿ ಕೀಳಬೇಕು. ಗಾಜಿನ ಸ್ಲೈಡಿನ ಮೇಲಿಟ್ಟು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ತೊಟ್ಟು ಬಿಟ್ಟು, ಸ್ಪಿರಿಟ್ ದೀಪಕ್ಕೆ ಸ್ವಲ್ಪ ಕಾಸಿ, ಕಾಲು ಗಂಟೆ ಕಾಯಬೇಕು. ಆರೋಗ್ಯದ ಕೂದಲಿಗೆ ಅಂಚು ನೇರ, ಒಳಗೆ ಬಣ್ಣದ ಗೆರೆ ಸ್ಪಷ್ಟ. ಶಿಲೀಂಧ್ರ ಹಿಡಿದ ಕೂದಲು ಊದಿಕೊಂಡು, ಅಂಚು ಕಿತ್ತುಹೋಗಿ, ಸುತ್ತ ಸಣ್ಣ ಸಣ್ಣ ದುಂಡು ಬೀಜಾಣುಗಳು ಒತ್ತೊತ್ತಾಗಿ ಕೂತಿರುತ್ತವೆ. ನಕ್ಕಿದ್ದ ಕಂಪೌಂಡರನ್ನೇ ಕರೆದು ತೋರಿಸಿದೆ. ಆಮೇಲೆ ಅವರೇ ಕೂದಲು ಕಿತ್ತು ಸ್ಲೈಡ್ ಸಿದ್ಧಮಾಡಿ ಇಡುತ್ತಿದ್ದರು.

ನೋಡಲು ಶುರುಮಾಡಿದ ಮೇಲೆ ಗೊತ್ತಾಯಿತು, ಗುಂಡಗೆ ಇದ್ದದ್ದೆಲ್ಲ ಹುಳುಕಡ್ಡಿಯೂ ಅಲ್ಲ. ನಾಯಿಯ ಚರ್ಮದಲ್ಲಿ ಬ್ಯಾಕ್ಟೀರಿಯಾ ಸೋಂಕೂ ಉಂಗುರದ ಹಾಗೆ ಹರಡುತ್ತದೆ, ಅದೇ ಹೆಚ್ಚು. ಇಲಿ ಬಿಲ ಕೆದಕುವ ನಾಯಿಗಳ ಮೂತಿಯ ಮೇಲಿನ ಹಕ್ಕಳೆಯಲ್ಲಿ ಮಾತ್ರ ನಿಜವಾದ ಶಿಲೀಂಧ್ರ ಆಗಾಗ ಸಿಗುತ್ತಿತ್ತು. ಮಣ್ಣಿನಲ್ಲೇ ಬದುಕುವ ಜಾತಿಯೊಂದಿದೆ, ಇಲಿ ಹೆಗ್ಗಣಗಳ ಮೈಯಿಂದ ಬರುವುದು ಇನ್ನೊಂದು.

ಆಗ ಹೊಟ್ಟೆಗೆ ಕೊಡಲು ಇದ್ದದ್ದು ಗ್ರಿಸಿಯೋಫುಲ್ವಿನ್. 1939ರಲ್ಲಿ ಒಂದು ಪೆನಿಸಿಲಿಯಂ ಬೂಸ್ಟಿನಿಂದ ಬೇರ್ಪಡಿಸಿದ ಈ ಔಷಧಿ 1958ರ ಹೊತ್ತಿಗೆ ಮನುಷ್ಯರ ಹುಳುಕಡ್ಡಿಗೆ ಬಳಕೆಗೆ ಬಂತು. ನಮ್ಮ ನಾಯಿಗಳಿಗೂ ಪೇಟೆಯ ಮೆಡಿಕಲ್ ಶಾಪಿನ ಅದೇ ಮಾತ್ರೆ. ಜಿಡ್ಡಿನ ಜೊತೆ ಕೊಟ್ಟರೆ ಚೆನ್ನಾಗಿ ಮೈಗೆ ಹತ್ತುತ್ತದೆ, ಹಾಗಾಗಿ ಬೆಣ್ಣೆಯುಂಡೆಯಲ್ಲಿ ಹುದುಗಿಸಿ ಕೊಡಲು ಹೇಳುತ್ತಿದ್ದೆ. ಗಬ್ಬದ ನಾಯಿಗೆ ಕೊಡುವ ಹಾಗಿಲ್ಲ, ಮರಿಗಳು ಊನವಾಗುತ್ತವೆ. ತಿಂಗಳು ದಾಟಿ ಕೊಡಬೇಕಾದ ಮಾತ್ರೆಯನ್ನು ನಾಲ್ಕು ಕೂದಲು ಚಿಗುರಿದ ಕೂಡಲೇ ನಿಲ್ಲಿಸುವುದು ಎಲ್ಲ ಮನೆಗಳ ಪಾಡು.

ತೊಂಬತ್ತರ ದಶಕ ಮುಗಿಯುವಾಗ ಬೆಂಗಳೂರಿಗೆ ಬಂದೆ. ಕೆಲಸವೇ ಬೇರೆಯಾಯಿತು. ಹಗ್ಗ ಕಟ್ಟಿ ಎಳೆತರುತ್ತಿದ್ದ ನಾಯಿಗಳ ಬದಲು ಕಾರಿನಲ್ಲಿ ಬರುವ ಪಗ್, ಶಿಟ್ಜು, ಬರಬರುತ್ತ ಹಸ್ಕಿ. ಹಿಮಕ್ಕೆ ಹುಟ್ಟಿದ ದಪ್ಪ ಕೂದಲಿನ ನಾಯಿಯನ್ನು ಫ್ಲ್ಯಾಟಿನಲ್ಲಿ ಕೂಡಿಹಾಕಿ ಸಾಕುವುದನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಇಲ್ಲಿ ಹೆಚ್ಚು ಕಂಡದ್ದು ಹುಳುಕಡ್ಡಿಯಲ್ಲ, ಮಲಸೇಜಿಯಾ ಎಂಬ ಯೀಸ್ಟು. ಕಿವಿ, ಕಂಕುಳು, ಬೆರಳಸಂದಿಯಲ್ಲಿ ಜಿಡ್ಡು, ಹುಳಿ ನಾತ, ತುರಿಸಿ ತುರಿಸಿ ದಪ್ಪಗಾಗಿ ಕಪ್ಪಾದ ಚರ್ಮ. ಆ ಜಾಗಕ್ಕೆ ಸೆಲೋಟೇಪು ಒತ್ತಿ ತೆಗೆದು, ಬಣ್ಣ ಹಾಕಿ ನೋಡಿದರೆ ಶೇಂಗಾ ಕಾಯಿಯ ಆಕಾರದ ಕಣಗಳು ಕಾಣುತ್ತವೆ. ಅದು ಎಲ್ಲ ನಾಯಿಗಳ ಮೈಮೇಲೂ ಒಂದಿಷ್ಟು ಇರುವಂಥದ್ದೇ. ಅಲರ್ಜಿಯೋ ಥೈರಾಯ್ಡ್ ಕೊರತೆಯೋ ಇದ್ದಾಗ ಮಿತಿಮೀರುತ್ತದೆ. ಮೂಲ ಹುಡುಕದೆ ಯೀಸ್ಟನ್ನಷ್ಟೇ ತೊಳೆದರೆ ಮತ್ತೆ ಬರುತ್ತದೆ. ಕ್ಲೋರ್‌ಹೆಕ್ಸಿಡಿನ್, ಮೈಕೊನಜೋಲ್ ಸೇರಿದ ಶಾಂಪೂ ಬಂದದ್ದು ದೊಡ್ಡ ಉಪಕಾರ. ಆದರೆ ನೊರೆ ಹತ್ತು ನಿಮಿಷ ಮೈಮೇಲೆ ಇರಬೇಕು. ಗಡಿಯಾರ ನೋಡಿಕೊಂಡು ನಾಯಿಯನ್ನು ಹಿಡಿದು ನಿಲ್ಲುವವರು ಕಡಿಮೆ.

ಪರೀಕ್ಷೆಗಳೂ ಸುಧಾರಿಸಿದವು. ವುಡ್ಸ್ ದೀಪ ಕೈಗೆ ಸಿಕ್ಕಿತು. ಕತ್ತಲಲ್ಲಿ ಹಿಡಿದರೆ ಮೈಕ್ರೋಸ್ಪೋರಂ ಕ್ಯಾನಿಸ್ ಹಿಡಿದ ಕೂದಲಿನ ಬುಡ ಎಳೆಹಸಿರಾಗಿ ಹೊಳೆಯುತ್ತದೆ, ಉಳಿದ ಜಾತಿಗಳು ಸಾಮಾನ್ಯವಾಗಿ ಹೊಳೆಯುವುದಿಲ್ಲ. ಶಿಲೀಂಧ್ರ ಬೆಳೆಸುವ ಹಳದಿ ಮಾಧ್ಯಮದ ಬಾಟಲಿಯಲ್ಲಿ ಕೂದಲು ಊರಿಟ್ಟರೆ, ಹುಳುಕಡ್ಡಿ ಇದ್ದಲ್ಲಿ ಬಿಳಿ ಬೂಸ್ಟು ಏಳುವಾಗಲೇ ಮಾಧ್ಯಮ ಕೆಂಪಾಗುತ್ತದೆ. ಗ್ರಿಸಿಯೋಫುಲ್ವಿನ್ ಹಿಂದೆ ಸರಿದು ಇಟ್ರಾಕೊನಜೋಲ್, ಟರ್ಬಿನಾಫಿನ್ ಬಂದವು.

ಇಷ್ಟೆಲ್ಲ ಬಂದಾಗಲೇ ಕೆಟ್ಟದ್ದೂ ಬಂತು. ಮೆಡಿಕಲ್ ಶಾಪಿನ ಮಿಶ್ರ ಮುಲಾಮು. ಒಂದೇ ಟ್ಯೂಬಿನಲ್ಲಿ ಸ್ಟೆರಾಯ್ಡು, ಆಂಟಿಬಯೋಟಿಕ್ಕು, ಶಿಲೀಂಧ್ರದ ಮದ್ದು. ಎರಡು ದಿನಕ್ಕೆ ತುರಿಕೆ ಮಾಯ, ಒಳಗೆ ಶಿಲೀಂಧ್ರ ಆರಾಮಾಗಿ ಹಬ್ಬುತ್ತದೆ. ಮನೆಮಂದಿ ತಮಗೆ ಹಚ್ಚಿಕೊಂಡು ಉಳಿದದ್ದನ್ನು ನಾಯಿಗೂ ಹಚ್ಚುತ್ತಾರೆ, ನಾಯಿ ನೆಕ್ಕುತ್ತದೆ. ಚೀಟಿ ಇಲ್ಲದೆ ಸ್ಟೆರಾಯ್ಡ್ ಮುಲಾಮು ಮಾರದಂತೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದ ಮೇಲೂ ಟ್ಯೂಬುಗಳನ್ನು ಚೀಲದಲ್ಲಿ ತಂದು ತೋರಿಸುವವರು ನಿಲ್ಲಲಿಲ್ಲ. ಈಗ ಭಾರತದಲ್ಲಿ ಮನುಷ್ಯರ ಮೈಮೇಲೆ ಹಬ್ಬಿರುವ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಶಿಲೀಂಧ್ರ ಹಲವು ಸಲ ಟರ್ಬಿನಾಫಿನ್‌ಗೆ ಜಗ್ಗುವುದಿಲ್ಲ. ಅದು ಮುಖ್ಯವಾಗಿ ಹರಡುವುದು ಮನುಷ್ಯರಿಂದ ಮನುಷ್ಯರಿಗೆ.

ಆದರೆ ದೂರು ನಾಯಿಯ ಮೇಲೆ. ನಿವೃತ್ತಿಯ ನಂತರ ಒಂದು ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದಾಗ ಒಂದು ಕುಟುಂಬ ಬಂತು. ಮಗುವಿನ ಹೊಟ್ಟೆ, ತಾಯಿಯ ಕುತ್ತಿಗೆ, ತಂದೆಯ ಸೊಂಟ, ಎಲ್ಲೆಲ್ಲೂ ಉಂಗುರಗಳು. ನಾಯಿಯ ಕಾಲು ಕೆಂಪಾಗಿತ್ತು. "ಇದನ್ನ ಎಲ್ಲಾದ್ರೂ ಬಿಟ್ಟುಬಿಡೋಣ ಅಂತಿದೀವಿ ಸಾರ್" ಎಂದರು ತಂದೆ. ಪರೀಕ್ಷೆ ಮುಗಿಯುವವರೆಗೆ ಇಟ್ಟುಕೊಳ್ಳಿ ಎಂದು ಬೇಡಿಕೊಂಡೆ. ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ನಾಯಿಯ ಮೈಯೆಲ್ಲ ಬಾಚಿ, ಆ ಬ್ರಷ್ಷನ್ನೇ ಮಾಧ್ಯಮಕ್ಕೆ ಒತ್ತಿಟ್ಟೆ. ಎರಡು ವಾರ ಕಳೆದರೂ ಬೂಸ್ಟು ಏಳಲಿಲ್ಲ, ಹಳದಿ ಹಳದಿಯಾಗಿಯೇ ಇತ್ತು. ನಾಯಿಗಿದ್ದದ್ದು ಅಲರ್ಜಿ, ಅದರ ಮೇಲೆ ಯೀಸ್ಟು. ಬಾಟಲಿಯನ್ನು ಅವರ ಕೈಗೇ ಕೊಟ್ಟು ತೋರಿಸಿ, ಚರ್ಮವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಮನೆಮಂದಿಗೆಲ್ಲ ಒಟ್ಟಿಗೆ ಚಿಕಿತ್ಸೆ ಶುರುವಾಯಿತು, ಟವೆಲುಗಳು ಬೇರೆಬೇರೆಯಾದವು, ಟ್ಯೂಬು ಕಸಕ್ಕೆ ಹೋಯಿತು. ನಾಯಿಗೆ ವಾರಕ್ಕೆ ಎರಡು ಸಲ ಶಾಂಪೂ ಸ್ನಾನ, ಅದೂ ಅದೇ ಮನೆಯಲ್ಲಿ.