ಅವ್ವನ ಹಂಚಿನ ಮೇಲೆ ಪಾನಿನೊ

ಅಪ್ಪ ಹೋದ ಮೇಲೆ ಅವ್ವ ರಾತ್ರಿ ಒಲೆ ಹಚ್ಚೋದನ್ನೇ ಬಿಟ್ಟಿದ್ದಾಳೆ ಅಂತ ನನಗೆ ಗೊತ್ತಾಗಿದ್ದು ಈ ಸಲ ದ್ರಾಕ್ಷಿ ಸುಗ್ಗಿಗೆ ಕಳ್ಳಕವಟಗಿಗೆ ಹೋದಾಗ. ದಿನಾ ಫೋನಲ್ಲಿ "ಊಟ ಆತೇನ್ಬೇ?" ಅಂದ್ರೆ "ಆತು" ಅಂತಿದ್ದಳು. ಆ ಊಟ ಅಂದ್ರೆ ಮುಂಜಾನೆಯ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಕೇಳಿದ್ದಕ್ಕೆ "ಒಬ್ಬಾಕಿಗೆ ಏನ್ ಅಡಗಿ ಮಾಡೂದೋ ತಮ್ಮಾ" ಅಂದಳು.

ನನಗೆ ನೆಟ್ಟಗೆ ಬರೋ ಅಡುಗೆ ಒಂದೇ. ಬೆಂಗಳೂರಲ್ಲಿ ಆಫೀಸ್ ಕೆಳಗಿನ ಕೆಫೆಯಲ್ಲಿ ತಿಂದು ತಿಂದು, ದುಡ್ಡು ಉಳಿಸೋಕೆ ರೂಮಲ್ಲೇ ಮಾಡಲು ಕಲಿತ ಪಾನಿನಿ. ಅಂದಹಾಗೆ ನಾವು "ಒಂದು ಪಾನಿನಿ ಕೊಡಿ" ಅನ್ನೋದೇ ತಪ್ಪು. ಇಟಾಲಿಯನ್‌ನಲ್ಲಿ ಪಾನೆ ಅಂದ್ರೆ ಬ್ರೆಡ್, ಪಾನಿನೊ ಅಂದ್ರೆ ಪುಟ್ಟ ಬ್ರೆಡ್, ಪಾನಿನಿ ಅದರ ಬಹುವಚನ. "ಒಂದು ರೊಟ್ಟಿಗಳು ಕೊಡಿ" ಅಂದಂಗೆ. ನಮ್ಮ ವ್ಯಾಕರಣದ ಪಾಣಿನಿ ಕೇಳಿದ್ರೆ ಹಣೆ ಚಚ್ಚಿಕೊಳ್ತಿದ್ದ.

ಇನ್ನೊಂದು ವಿಷಯ. ಅಲ್ಲಿ ಬಿಸಿ ಮಾಡದೆ ಕೊಟ್ಟದ್ದೂ ಪಾನಿನೊನೇ. ಒತ್ತಿ, ಗೆರೆ ಬೀಳೋ ಹಾಗೆ ಸುಟ್ಟದ್ದಕ್ಕೆ ಮಾತ್ರ ಆ ಹೆಸರು ಅನ್ನೋದು ಹೊರಗಿನ ಕೆಫೆಗಳ ರೂಢಿ. 1980ರ ದಶಕದಲ್ಲಿ ಮಿಲಾನ್‌ನ ಸ್ಯಾಂಡ್‌ವಿಚ್ ಬಾರ್‌ಗಳ ಮುಂದೆ ಬ್ರ್ಯಾಂಡೆಡ್ ಜಾಕೆಟ್ ಹಾಕ್ಕೊಂಡು ಸೇರ್ತಿದ್ದ ಹುಡುಗರಿಗೆ 'ಪಾನಿನಾರಿ' ಅಂತಲೇ ಹೆಸರು ಬಿದ್ದಿತ್ತು. ಇದಕ್ಕೆ ಬಳಸೋ ಚಬಾತ್ತಾ ಬ್ರೆಡ್ ಕೂಡ ಪುರಾತನದ್ದೇನಲ್ಲ. ವೆನೆಟೊ ಪ್ರಾಂತ್ಯದ ಆದ್ರಿಯಾ ಊರಲ್ಲಿ ಅರ್ನಾಲ್ಡೊ ಕವಲ್ಲಾರಿ ಅನ್ನೋರು 1982ರಲ್ಲಿ ಮಾಡಿದ್ದು. ಆ ಪದದ ಅರ್ಥ ಚಪ್ಪಲಿ.

ಚಪ್ಪಲಿ ಬ್ರೆಡ್ ನಮ್ಮ ಕಡೆ ಎಲ್ಲಿ ಸಿಗಬೇಕು? ವಿಜಯಪುರದಿಂದ ಬರುವಾಗ ಪಾವ್ ತಂದೆ. ಪೋರ್ಚುಗೀಸರ 'ಪಾವ್', ಇಟಲಿಯ 'ಪಾನೆ' ಎರಡೂ ಲ್ಯಾಟಿನ್‌ನ ಒಂದೇ ಪದದಿಂದ ಬಂದವು. ಹಾಗೆ ನೋಡಿದ್ರೆ ಪಾವ್ ಪಾನಿನೊಗೆ ದಾಯಾದಿ, ಸೈಜೂ ಪುಟ್ಟದೇ.

ಚೀಲ ನೋಡಿ ಅವ್ವ ಮುಖ ಸಿಂಡರಿಸಿದಳು. "ಯಾರಿಗ್ ಜ್ವರ ಬಂದಾವೋ?"

ಒಳಗಿಡಲು ಬದನೆಕಾಯಿ. ಇಟಲಿಯವರೂ ಸುಟ್ಟ ಬದನೆಕಾಯಿ ಇಡ್ತಾರೆ. ತೆಳ್ಳಗೆ ಉದ್ದಕ್ಕೆ ಹೆಚ್ಚಿ, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ನೀರು ಹಿಂಡಿ, ಎಣ್ಣೆ ಹಾಕಿ ಹಂಚಿನ ಮೇಲೆ ಕೆಂಪಗೆ ಬೇಯಿಸಿದೆ. ಸೀಳಿದ ಪಾವಿಗೆ ಬೆಣ್ಣೆ, ಶೇಂಗಾ ಹಿಂಡಿ, ಬದನೆಕಾಯಿ, ಚೀಸ್. ನಮ್ಮದೇ ಶೆಡ್ಡಿನ ನಾಲ್ಕು ಒಣದ್ರಾಕ್ಷಿನೂ ಹಾಕಿದೆ. ಅವ್ವ ನಕ್ಕಳು. ಸಿಸಿಲಿ ಕಡೆ ಬದನೆಕಾಯಿ ಜೊತೆ ಒಣದ್ರಾಕ್ಷಿ ಹಾಕೋದುಂಟು ಅಂದ್ರೆ ನಂಬಲೇ ಇಲ್ಲ.

ಒತ್ತೋ ಮಷಿನ್ ಇಲ್ಲ. ಮೇಲೊಂದು ತಾಟು ಇಟ್ಟು, ಅದರ ಮೇಲೆ ಖಾರ ಅರೆಯೋ ಗುಂಡುಕಲ್ಲು ಹೇರಿ ಉರಿ ಜೋರು ಮಾಡಿದೆ. ಪಾವ್ ಹಪ್ಪಳ ಆಯ್ತು, ಹೊರಗೆ ಕರ್ರಗೆ, ಒಳಗೆ ಚೀಸ್ ಹಾಗೇ ತಣ್ಣಗೆ. ಅವ್ವ ಎದ್ದು ಬಂದು ಉರಿ ತಗ್ಗಿಸಿದಳು. "ರೊಟ್ಟಿ ಬಡಿಯಾಕ ಬರೂದಿಲ್ಲ, ಉರಿ ನೋಡಾಕೂ ಬರೂದಿಲ್ಲ." ಆಕೆ ಹೇಳಿದ್ದು ಸರಿ. ಸಣ್ಣ ಉರಿಯಲ್ಲಿ ಮಗ್ಗುಲಿಗೆ ಮೂರು ಮೂರು ನಿಮಿಷ ಬಿಟ್ರೆ ಬಿಸಿ ಒಳಗಿಳಿದು ಚೀಸ್ ಕರಗುತ್ತೆ, ಹೊರಗೆ ಗರಿಗರಿ ಆಗುತ್ತೆ. ಭಾರ ಇಡೋದು ಪಾವ್ ಪೂರ್ತಿ ಹಂಚಿಗೆ ತಾಗಿಕೊಂಡಿರಲಿ ಅಂತ, ಅಪ್ಪಚ್ಚಿ ಮಾಡೋಕಲ್ಲ.

ಎರಡನೇದನ್ನ ಅರ್ಧ ಮುರಿದು ಕೊಟ್ಟೆ. "ಒಂದ್ ತುತ್ತು ತಿಂದ್ ನೋಡ್ಬೇ." ತಿಂದಳು. ಚಂದ ಅದ ಅಂತೇನೂ ಅನ್ನಲಿಲ್ಲ, ಉಳಿದರ್ಧಕ್ಕೆ ಕೈ ಚಾಚಿದಳು.

ಬೆಂಗಳೂರಿಗೆ ವಾಪಸ್ ಬಂದು ಎರಡು ವಾರ ಆಗಿತ್ತು. ರಾತ್ರಿ ಎಂಟೂವರೆಗೆ ವಿಡಿಯೋ ಕಾಲ್ ಮಾಡಿದೆ. ಫೋನನ್ನ ಡಬ್ಬಿಗೆ ಒರಗಿಸಿ ಅವ್ವ ಒಲೆ ಮುಂದೆ ನಿಂತಿದ್ದಳು.

"ನಿನ್ ಕಲ್ಲು ಭಾಳ ಒಜ್ಜಿ ಅದಪಾ, ಚರಿಗಿ ತುಂಬ ನೀರ್ ಹಾಕಿ ಇಟ್ಟೀನಿ. ತಡಿ, ಆಮ್ಯಾಲ ಮಾತಾಡ್ತೀನಿ, ಸೀದ್ ಹೋಗ್ತದ."