ಜಮಖಂಡಿಯಲ್ಲಿ ಚೀನೀ ಅಕ್ಷರಾಭ್ಯಾಸ

ವಿಜಾಪುರದಿಂದ ಜಮಖಂಡಿಗೆ ಹೋಗುವ ಪ್ರಯಾಣಿಕನು ಚಿಕ್ಕಪಡಸಲಗಿಯ ಬಳಿ ಕೃಷ್ಣಾನದಿಯನ್ನು ದಾಟಬೇಕಾಗುವುದು. ಅಲ್ಲಿ ನದಿಗೆ ಅಡ್ಡವಾಗಿ ನಿಂತಿರುವ ಬ್ಯಾರೇಜು ಸರಕಾರದವರು ಕಟ್ಟಿಸಿದುದಲ್ಲ. 1989ರಲ್ಲಿ ಸುತ್ತಲಿನ ಹಳ್ಳಿಗಳ ರೈತರೇ ವಂತಿಗೆ ಕೂಡಿಸಿ, ತಾವೇ ದುಡಿದು ಕಟ್ಟಿದುದು. ಅದಕ್ಕೆ ಶ್ರಮಬಿಂದುಸಾಗರವೆಂದು ಹೆಸರು. ಕಳೆದ ಜ್ಯೇಷ್ಠಮಾಸದಲ್ಲಿ ನಾನು ಆ ದಾರಿಯಿಂದ ಹೋದಾಗ ಮೃಗಶಿರಾ ಮಳೆಯು ಆಗತಾನೆ ಬಿದ್ದು, ಎರಡೂ ದಂಡೆಗಳಲ್ಲಿ ಕಣ್ಣು ಹರಿಯುವವರೆಗೆ ಕಬ್ಬಿನ ಹಸಿರೇ ಹಬ್ಬಿದ್ದಿತು. ಈ ಕಬ್ಬಿನ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುವುದು.

ಜಮಖಂಡಿಯು ಒಂದು ಕಾಲಕ್ಕೆ ಪಟವರ್ಧನ ಮನೆತನದವರ ಸಂಸ್ಥಾನವಾಗಿದ್ದು, 1948ರ ಮಾರ್ಚ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಕನ್ನಡನಾಡಿನೊಡನೆ ಒಂದುಗೂಡಿತು. 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಊರ ಹೆಸರು ಜಂಬುಕೇಶ್ವರನ ಗುಡಿಯಿಂದ ಬಂದುದೆಂದು ಇಲ್ಲಿಯವರು ಹೇಳುವರು. ಊರ ಹೊರಗಿನ ರಾಮತೀರ್ಥದ ಗುಡ್ಡದ ಮೇಲೆ ಅರಸರ ಅರಮನೆಯಿದೆ. ನೋಡತಕ್ಕದ್ದೇ ಸರಿ. ಆದರೆ ನನ್ನಂಥ ನಿವೃತ್ತ ಸಂಸ್ಕೃತ ಮಾಸ್ತರನಿಗೆ ಅರಮನೆಗಿಂತ ಶಾಲೆಯ ಕಡೆಗೇ ಕಾಲು ಎಳೆಯುವುದು ಸಹಜವಲ್ಲವೇ? ಇಲ್ಲಿಯ ಪರಶುರಾಮಭಾವು ಹಾಯಸ್ಕೂಲು ಅಂಥ ಶಾಲೆ. 1886ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರು, ಎಂದರೆ ಮುಂದೆ ಗುರುದೇವ ರಾನಡೆಯೆಂದು ನಾಡೆಲ್ಲ ಪೂಜಿಸಿದ ಮಹನೀಯರು, ಇಲ್ಲಿ ಓದಿ 1902ರಲ್ಲಿ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಸಂಸ್ಕೃತಕ್ಕಾಗಿ ಕೊಡಲ್ಪಡುತ್ತಿದ್ದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನವನ್ನು ಗಳಿಸಿದರು. ಮುಂಬಯಿ ಇಲಾಖೆಯಲ್ಲೆಲ್ಲ ಆ ವೇತನಕ್ಕೆ ಇದ್ದ ಗೌರವವನ್ನು ಈಗಿನ ಮಕ್ಕಳಿಗೆ ತಿಳಿಸಿ ಹೇಳುವುದು ಕಷ್ಟ. ಭಾಂಡಾರಕರರ ಎರಡು ಸಂಸ್ಕೃತ ಪುಸ್ತಕಗಳನ್ನು ಮುಖೋದ್ಗತ ಮಾಡಿ, ಶಬ್ದ, ಧಾತು, ಸಮಾಸಗಳ ಅರಣ್ಯದಲ್ಲಿ ಹಗಲಿರುಳು ಅಲೆದವರಿಗೂ ಅದು ದಕ್ಕುತ್ತಿದ್ದುದು ವಿರಳ.

ಇಲ್ಲಿ ಇನ್ನೊಂದು ಮಾತು. ಆ ಕಾಲದ ಜಮಖಂಡಿಯ ಬಾಲಕನಿಗೆ ಬೀದಿಯಲ್ಲಿ ಕನ್ನಡ, ದರಬಾರಿನಲ್ಲಿ ಮರಾಠಿ, ಹಾಯಸ್ಕೂಲಿನಲ್ಲಿ ಇಂಗ್ಲೀಷು, ಪರೀಕ್ಷೆಗೆ ಸಂಸ್ಕೃತ. ಮನೆಯ ಮಾತಲ್ಲದ ಭಾಷೆಯಲ್ಲಿ ಪರೀಕ್ಷೆಗೆ ಕುಳಿತುಕೊಳ್ಳುವ ತಾಪತ್ರಯವು ಈ ಊರಿಗೆ ಹೊಸದಲ್ಲವೆಂಬುದಕ್ಕಾಗಿ ಇದನ್ನು ಹೇಳಿದೆ.

ನಾನು ಇಳಿದುಕೊಂಡಿದ್ದುದು ಬಾಲ್ಯಸ್ನೇಹಿತರೊಬ್ಬರ ಮನೆಯಲ್ಲಿ. ಅವರ ಮಗಳೂ ಅಳಿಯನೂ ಸಿಂಗಾಪುರದಲ್ಲಿರುವರು. ಅಲ್ಲಿಯ ಶಾಲೆಗಳಿಗೆ ಜೂನಿನಲ್ಲಿ ಬಿಡುವಿರುವುದರಿಂದ ಹನ್ನೆರಡು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಆ ಕೂಸು ಬೆಳಗಿನ ಚಹಾ ಆದೊಡನೆ ಪಡಸಾಲೆಯಲ್ಲಿ ಕುಳಿತು, ಒಂದೊಂದು ಚೌಕವೂ ಮತ್ತೆ ನಾಲ್ಕು ಪಾಲಾಗಿರುವ ಒಂದು ವಹಿಯಲ್ಲಿ ಅಕ್ಷರಗಳನ್ನು ತಿದ್ದುತ್ತಿದ್ದಳು. ಅವು ಚೀನೀ ಅಕ್ಷರಗಳು.

ಸಂಗತಿ ಹೀಗಿದೆ. ಸಿಂಗಾಪುರದಲ್ಲಿ ಆರನೆಯ ಇಯತ್ತೆಯ ಕೊನೆಗೆ ಪ್ರತಿಯೊಂದು ಮಗುವೂ ಸರಕಾರಿ ಪರೀಕ್ಷೆಗೆ ಕುಳಿತುಕೊಳ್ಳಬೇಕು. ಇಂಗ್ಲೀಷು, ಗಣಿತ, ವಿಜ್ಞಾನಗಳೊಡನೆ 'ಮಾತೃಭಾಷೆ'ಯೆಂಬುದೊಂದು ವಿಷಯ. ಮುಂದೆ ಯಾವ ಶಾಲೆ ದೊರೆಯುವುದೆಂಬುದು ಈ ನಾಲ್ಕರ ಫಲವನ್ನು ಅವಲಂಬಿಸಿದೆ. ಹಿಂದೂಸ್ಥಾನದ ಮಕ್ಕಳಿಗೆ ತಮಿಳು, ಹಿಂದಿ, ಬಂಗಾಲಿ, ಗುಜರಾತಿ, ಪಂಜಾಬಿ, ಉರ್ದು ಇವುಗಳಲ್ಲಿ ಒಂದನ್ನು ಆಯ್ದುಕೊಳ್ಳುವ ಅವಕಾಶವಿದೆ, ಕನ್ನಡಕ್ಕೆ ಇಲ್ಲ. ಹೇಗಿದ್ದರೂ ಪರಭಾಷೆಯೇ ಆದ ಮೇಲೆ ನೆರೆಹೊರೆಯವರ ಭಾಷೆಯನ್ನೇ ಕಲಿಯಲೆಂದು ಕೆಲವು ತಾಯಿತಂದೆಗಳು ಅಪ್ಪಣೆ ಪಡೆದು ಚೀನೀ ಭಾಷೆಯನ್ನು ಕೊಡಿಸುವರು. ಈ ಮನೆಯವರು ಮಾಡಿದುದೂ ಅದನ್ನೇ. ಆಗಸ್ಟಿನಲ್ಲಿ ಮೌಖಿಕ, ಸಪ್ಟೆಂಬರದ ಕೊನೆಗೆ ಲಿಖಿತ. ಗಟ್ಟಿಯಾಗಿ ಓದಬೇಕು, ಪರೀಕ್ಷಕರೊಡನೆ ಸಂಭಾಷಿಸಬೇಕು, ಕೇಳಿ ಉತ್ತರಿಸಬೇಕು, ನಿಬಂಧ ಬರೆಯಬೇಕು.

ಅಜ್ಜಿಯವರಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. "ತಾಯಿಮಾತಿನ ಪರೀಕ್ಷಾ ಅಂತಾರ. ಇಕಿ ತಾಯಿ ನನ್ನ ಹೊಟ್ಟ್ಯಾಗ ಹುಟ್ಟ್ಯಾಳ, ಚೀನಾದಾಗ ಹುಟ್ಟ್ಯಾಳೇನು?" ಎಂದು ನನ್ನನ್ನೇ ಕೇಳಿದರು. ಮಗಳು ಮರುಮಾತಾಡಲಿಲ್ಲ. ಕೂಸು ಕನ್ನಡವನ್ನು ಜಮಖಂಡಿಯ ರಾಗದಲ್ಲಿಯೇ ಚೊಕ್ಕಟವಾಗಿ ಆಡುತ್ತಾಳೆ. ಆದರೆ ಅಕ್ಷರ ಬಾರದು. ಅಜ್ಜಿಯ ಕೈಯ ಕಾಗದವನ್ನು ತಾಯಿಯೇ ಓದಿ ಹೇಳಬೇಕು. ಅವರ ದುಃಖದ ಬೇರು ಅಲ್ಲಿತ್ತು, ಚೀನೀ ಭಾಷೆಯಲ್ಲಲ್ಲ. ಇದನ್ನು ನಾನು ಅರಿತೆನಾದರೂ ಅತಿಥಿಯಾದವನು ತೀರ್ಪು ಹೇಳಬಾರದೆಂದು ಸುಮ್ಮನಾದೆ.

ಆದರೆ ಮಾಸ್ತರಿಕೆಯ ಚಟವು ಸುಮ್ಮನಿರಗೊಡಬೇಕಲ್ಲ! ಕೂಸಿನ ಬಳಿ ಕುಳಿತು ವಿಚಾರಿಸಿದೆನು. ಆ ಭಾಷೆಯಲ್ಲಿ ವಿಭಕ್ತಿಯಿಲ್ಲ, ಲಿಂಗಭೇದವಿಲ್ಲ, ಲಕಾರಗಳಿಲ್ಲ! ಪಾಣಿನಿಯು ಅಲ್ಲಿ ಹುಟ್ಟಿದ್ದರೆ ಕೈಗೆ ಕೆಲಸವೇ ಇರುತ್ತಿರಲಿಲ್ಲವೆಂದುಕೊಂಡೆ. ಆದರೆ ಉಳಿದ ಕಷ್ಟಗಳು ಸಾಕಷ್ಟಿವೆ. ಸ್ವರಗಳು ನಾಲ್ಕು; 'ಮಾ' ಎಂಬ ಒಂದೇ ಉಚ್ಚಾರವು ಸ್ವರಭೇದದಿಂದ ತಾಯಿ, ಸೆಣಬು, ಕುದುರೆ, ಬೈಗುಳ ಎಂದು ನಾಲ್ಕು ಬಗೆಯಾಗುವುದು. ಉದಾತ್ತ ಅನುದಾತ್ತ ತಪ್ಪಿದರೆ ಮಂತ್ರವೇ ಯಜಮಾನನಿಗೆ ತಿರುಗುವುದೆಂದು ನಮ್ಮ ವೈದಿಕರು ಹೆದರಿಸುವುದಿಲ್ಲವೇ, ಹಾಗೆ. ಬರವಣಿಗೆಯಲ್ಲಿ ಯಾವ ಗೆರೆ ಮೊದಲು, ಯಾವುದು ಅನಂತರ ಎಂಬ ಕ್ರಮ ನಿಯತವಾಗಿದೆ. ಸೂರ್ಯ ಚಂದ್ರರ ಎರಡು ಚಿಹ್ನೆಗಳನ್ನು ಒತ್ತಟ್ಟಿಗೆ ಬರೆದರೆ 'ಪ್ರಕಾಶ'. ಮರದ ಪಕ್ಕಕ್ಕೆ ಮನುಷ್ಯನನ್ನು ಬರೆದರೆ 'ವಿಶ್ರಾಂತಿ'. ಸಮಾಸದ ವಿಗ್ರಹವಾಕ್ಯವನ್ನು ಕಣ್ಣಿಂದಲೇ ಓದಿದಂತಾಯಿತು.

"ಅಜ್ಜಾ, ನೀವೂ ಹೀಂಗ ಬಾಯಿಪಾಠ ಮಾಡತಿದ್ರೇನು?" ಎಂದು ಕೇಳಿದಳು.

"ಮಾಡದ ಬಿಡತಿದ್ದರೇನವ್ವಾ? ಒಂದು ರಾಮಶಬ್ದಕ್ಕ ಇಪ್ಪತ್ನಾಕು ರೂಪ" ಎಂದೆ. ಅವಳಿಗೆ ಬಹಳ ಸಮಾಧಾನವಾದಂತೆ ಕಂಡಿತು.

ಆಗ ಅವಳಿಗೆ ಇತ್ಸಿಂಗನ ಕಥೆಯನ್ನು ಹೇಳಿದೆ. ಚೀನದ ಈ ಭಿಕ್ಷುವು 671ರಲ್ಲಿ ಹಡಗು ಹತ್ತಿ, ಸುಮಾತ್ರಾ ದ್ವೀಪದ ಶ್ರೀವಿಜಯದಲ್ಲಿ, ಎಂದರೆ ಸಿಂಗಾಪುರದಿಂದ ಸಮುದ್ರದ ಆಚೆಯ ದಡದಲ್ಲಿ, ಆರು ತಿಂಗಳು ತಂಗಿ, ಸಂಸ್ಕೃತ ವ್ಯಾಕರಣವನ್ನು ಕಲಿತು, ಆಮೇಲೆ ಹಿಂದೂಸ್ಥಾನಕ್ಕೆ ಬಂದನು. ಪರದೇಶದ ಪಾಠಶಾಲೆಗೆ ಹೋಗುವ ಮುನ್ನ ಹಾದಿಯಲ್ಲಿ ಪೂರ್ವಸಿದ್ಧತೆ! ನಮ್ಮ ಹುಡುಗರು ವ್ಯಾಕರಣವನ್ನು ಕಲಿಯುತ್ತಿದ್ದ ಬಗೆಯನ್ನು ಅವನು ಬರೆದಿಟ್ಟಿರುವನು. ಆರನೆಯ ವರ್ಷಕ್ಕೆ ಸಿದ್ಧಂ ಎಂಬ ಅಕ್ಷರಮಾಲೆ, ಅದಕ್ಕೆ ಆರು ತಿಂಗಳು; ಎಂಟಕ್ಕೆ ಪಾಣಿನಿಯ ಸೂತ್ರಪಾಠ, ಅದಕ್ಕೆ ಎಂಟು ತಿಂಗಳು; ಹತ್ತಕ್ಕೆ ಮೂರು ಖಿಲಗಳು, ಅವಕ್ಕೆ ಮೂರು ವರ್ಷ; ಹದಿನೈದಕ್ಕೆ ವೃತ್ತಿಸೂತ್ರ, ಅದಕ್ಕೆ ಐದು ವರ್ಷ. ಕೂಸು ಬೆರಳೆಣಿಸಿ, "ಹಂಗಾದ್ರ ನಾನಿನ್ನೂ ಖಿಲದಾಗ ಇದ್ದೀನಿ" ಎಂದಳು. ಇತ್ಸಿಂಗನಿಗಿಂತ ಮೊದಲು ಬಂದ ಹ್ಯೂಯೆನ್‌ತ್ಸಾಂಗನು ನಾಲಂದೆಯ ಪ್ರವೇಶಪರೀಕ್ಷೆಯನ್ನು ವರ್ಣಿಸಿರುವನು. ಬಾಗಿಲಲ್ಲಿಯೇ ಕುಳಿತ ಪಂಡಿತನು ಕಠಿಣ ಪ್ರಶ್ನೆಗಳನ್ನು ಕೇಳುವನು. ಹತ್ತು ಜನರಲ್ಲಿ ಏಳೆಂಟು ಜನ ಅಲ್ಲಿಂದಲೇ ಹಿಂದಿರುಗುವರು.

ನಮ್ಮ ಕಾಲದಲ್ಲಿಯೂ ಚೀನದವರೊಬ್ಬರು ಇದೇ ಶ್ರಮವನ್ನು ಪಟ್ಟರು. ಪೆಕಿಂಗ್ ವಿದ್ಯಾಪೀಠದ ಚೀ ಷ್ಯೆನ್‌ಲಿನ್ ಎಂಬ ವಿದ್ವಾಂಸರು ಜರ್ಮನಿಯ ಗ್ಯೋಟಿಂಗೆನ್ನಿನಲ್ಲಿ ಸಂಸ್ಕೃತವನ್ನು ಕಲಿತವರು. ಅವರ ನಾಡಿನಲ್ಲಿ ಸಾಂಸ್ಕೃತಿಕ ಕ್ರಾಂತಿಯ ಹೆಸರಿನಲ್ಲಿ ವಿದ್ವಾಂಸರನ್ನು ಪೀಡಿಸಿದ ಆ ವರ್ಷಗಳಲ್ಲಿ ಅವರನ್ನು ವಿದ್ಯಾರ್ಥಿನಿಲಯದ ಬಾಗಿಲು ಕಾಯಲು ಹಚ್ಚಿದರು. ಅವರು ಬಾಗಿಲು ಕಾಯುತ್ತಲೇ ಗುಟ್ಟಾಗಿ ವಾಲ್ಮೀಕಿ ರಾಮಾಯಣವನ್ನು ಚೀನೀ ಭಾಷೆಗೆ ಪರಿವರ್ತಿಸಿದರು. ನಾಲಂದೆಯ ದ್ವಾರಪಂಡಿತನಿಗೆ ತಕ್ಕ ವಾರಸುದಾರ! 2008ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣವನ್ನು ಕೊಟ್ಟಿತು, ಮರುವರ್ಷ ತೀರಿಕೊಂಡರು. ಅವರು ಸಕ್ಕರೆಯ ಇತಿಹಾಸವನ್ನೂ ಬರೆದಿರುವರು. ಏಳನೆಯ ಶತಮಾನದಲ್ಲಿ ಚೀನದ ಚಕ್ರವರ್ತಿಯು ಕಬ್ಬಿನ ರಸವನ್ನು ಕಾಯಿಸಿ ಸಕ್ಕರೆ ಮಾಡುವ ವಿದ್ಯೆಯನ್ನು ಕಲಿತು ಬರಲೆಂದು ಮಗಧಕ್ಕೆ ಜನರನ್ನು ಕಳುಹಿದನಂತೆ. ಜಮಖಂಡಿಯ ಸೀಮೆಯಲ್ಲಿ ಈ ಮಾತನ್ನು ಹೇಳದೆ ಇರುವುದು ಹೇಗೆ? ಅದಕ್ಕೆ ಪ್ರತಿಯಾಗಿ ಚಹಾ ಎಂಬ ಶಬ್ದವೂ ಪದಾರ್ಥವೂ ಅವರಿಂದ ನಮಗೆ ಬಂದಿವೆ. ಕೂಸು ಅಂಗಳದ ಮಲ್ಲಿಗೆಗೆ 'ಮೋಲಿ' ಎನ್ನುವಳು. ಅದು ಸಂಸ್ಕೃತದ 'ಮಲ್ಲಿಕಾ' ಶಬ್ದವೇ ಆಗಿದೆ. ಇದನ್ನು ಕೇಳಿದ ಮೇಲೆ ಅಜ್ಜಿಯವರ ಮೋರೆ ಕೊಂಚ ತಿಳಿಯಾಯಿತು.

ಮರುದಿನ ರಬಕವಿ ಬನಹಟ್ಟಿಗಳಿಗೆ ಹೋದೆವು. ಎರಡೂ ನೇಕಾರರ ಊರುಗಳು. ಈಗ ವಿದ್ಯುತ್ತಿನ ಮಗ್ಗಗಳ ಸದ್ದೇ ಬಹಳ. ಕಾಳಿದಾಸನು ಹೇಳುವ 'ಚೀನಾಂಶುಕ'ದ ವಿಷಯವಾಗಿ ನಾನು ಏನೋ ಹೇಳಹೊರಟಿದ್ದೆ. ಅಷ್ಟರಲ್ಲಿ ಕೂಸು ಬಣ್ಣದ ನೂಲಿನ ಲಡಿಗಳನ್ನು ನೋಡಿ, ಚೀನೀ ಬರಹದಲ್ಲಿ 'ನೇಯು', 'ದಾರ', 'ಕಾಗದ'ಗಳಿಗಿರುವಂತೆ 'ಕೆಂಪು', 'ಹಸಿರು' ಎಂಬುವಕ್ಕೂ ಎಡಗಡೆಗೆ ಎಳೆಯ ಚಿಹ್ನೆಯೇ ಇದೆಯೆಂದೂ, ಅದೇಕೆಂದು ತನಗೆ ತಿಳಿಯದೆಂದೂ ಹೇಳಿದಳು. ಮಗ್ಗದಲ್ಲಿ ಕುಳಿತಿದ್ದ ಮುದುಕನು ತಲೆಯೆತ್ತದೆಯೇ, "ಬಣ್ಣಾ ನಿಲ್ಲೋದು ನೂಲಿನ ಮ್ಯಾಲ ಅಲ್ಲೇನವ್ವಾ?" ಎಂದನು. ನಿಘಂಟುಕಾರರು ಹೇಳುವುದೂ ಬಣ್ಣಗಟ್ಟಿದ ರೇಷ್ಮೆಯಿಂದ ಆ ಚಿಹ್ನೆ ಬಂದಿತೆಂದೇ.

ಮೂರನೆಯ ದಿನ ಮೋಟಾರಿನಲ್ಲಿ ಬಾದಾಮಿಗೆ ಹೊರಟೆವು. ಹಾದಿಯಲ್ಲಿ ಮುಧೋಳ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಓದಿಗಾಗಿ ಊರು ಬಿಟ್ಟು, ಅಜಿತಸೇನಾಚಾರ್ಯರನ್ನು ಆಶ್ರಯಿಸಿ, ಸಂಸ್ಕೃತ ಪ್ರಾಕೃತಗಳನ್ನು ಸಾಧಿಸಿದ ಮೇಲೆಯೇ ಕನ್ನಡದ ಕವಿಚಕ್ರವರ್ತಿಯಾದುದನ್ನು ಮೋಟಾರು ಊರು ದಾಟುವುದರೊಳಗೆ ಹೇಳಿ ಮುಗಿಸಿದೆ. ಹೊಟ್ಟೆ ಹಸಿದಿದ್ದುದರಿಂದ ಯಾರೂ ಹೆಚ್ಚು ಪ್ರಶ್ನೆ ಕೇಳಲಿಲ್ಲ.

ಬಾದಾಮಿಯ ಗುಹೆಗಳನ್ನೂ, 578ರಲ್ಲಿ ಮಂಗಲೇಶನು ಕೊರೆಯಿಸಿದ ವಿಷ್ಣುವಿನ ಗುಹೆಯ ಭವ್ಯತೆಯನ್ನೂ ವರ್ಣಿಸಿದವರು ಬಹು ಜನ. ನಾನು ಮತ್ತೆ ವರ್ಣಿಸುವುದಿಲ್ಲ. ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಬುತ್ತಿಯನ್ನು ಬಿಚ್ಚಿ ಕುಳಿತಾಗ ನಡೆದುದನ್ನಷ್ಟೇ ಬರೆಯುವೆನು. ಇಮ್ಮಡಿ ಪುಲಿಕೇಶಿಯು ಆಳುತ್ತಿದ್ದಾಗ, 641ರ ಸುಮಾರಿಗೆ, ಹ್ಯೂಯೆನ್‌ತ್ಸಾಂಗನು ಅವನ ರಾಜ್ಯಕ್ಕೆ ಬಂದಿದ್ದನು. ಅವನು ಕಂಡ ರಾಜಧಾನಿ ಬಾದಾಮಿಯೋ ನಾಸಿಕವೋ ಎಂಬ ವಿವಾದವು ಪಂಡಿತರಲ್ಲಿದೆ. ಅರಸನ ವಿಷಯದಲ್ಲಿ ವಿವಾದವಿಲ್ಲ. ಇಲ್ಲಿಯ ಜನರು ಎತ್ತರದವರು, ಅಭಿಮಾನಿಗಳು. ಉಪಕಾರವನ್ನು ಮರೆಯರು, ಅಪಕಾರವನ್ನೂ ಮರೆಯರು. ಸೇಡು ತೀರಿಸುವುದಕ್ಕೆ ಮುನ್ನ ಎಚ್ಚರಿಕೆ ಕೊಡುವರು. ಸೋತು ಬಂದ ದಳಪತಿಗೆ ಹೆಂಗಸರ ಉಡುಗೆಯನ್ನು ಕೊಡುವರು ಎಂದು ಬರೆದಿರುವನು. ನಾನು ಇದನ್ನು ಬೀಲ್ ಸಾಹೇಬರ 1884ರ ಇಂಗ್ಲೀಷು ಭಾಷಾಂತರದಲ್ಲಿ ಓದಿದ್ದೆ. ಕೂಸಿನ ತಂದೆಯು ತನ್ನ ಮೋಬೈಲಿನಲ್ಲಿ ಮೂಲವನ್ನೇ ಹುಡುಕಿ ತೆಗೆದು ಮಗಳ ಕೈಗೆ ಕೊಟ್ಟನು.

ಹದಿಮೂರು ಶತಮಾನಗಳ ಹಿಂದಿನ ಗ್ರಂಥಭಾಷೆಯು ಆರನೆಯ ಇಯತ್ತೆಯ ಹುಡುಗಿಗೆ ತಿಳಿಯುವುದಾದರೂ ಹೇಗೆ? ಆದರೂ ಬೆರಳಿಟ್ಟು ನಡೆದಳು. 'ಆನೆ' ಸಿಕ್ಕಿತು. 'ನೂರು' ಸಿಕ್ಕಿತು. 'ಮದ್ಯ' ಸಿಕ್ಕಿತು. ಯುದ್ಧದ ಆನೆಗಳಿಗೆ ಮದ್ಯವನ್ನು ಕುಡಿಸುತ್ತಿದ್ದ ಪ್ರಸಂಗವಿದೆಂದು ನಾನು ಕೂಡಿಸಿದೆ. ಒಂದು ಕಡೆಗೆ ನಿಂತು, "ದೊಡ್ಡ ರಾಜಾ ಅಂತ ಐತಿ. ಮೂಡಲಾ, ಪಡುವಲಾ ಅಂತ ಐತಿ. ರಾಜಾನ ಹಿಂದ ಸೂರ್ಯಾ ಯಾಕ ಬಂದಾನ?" ಎಂದಳು. ಸೂರ್ಯನ ಹಿಂದಿನ ಅಕ್ಷರಕ್ಕೆ ಅರ್ಥವೇನೆಂದು ಕೋಶದಲ್ಲಿ ನೋಡಿಸಿದೆ: ನಿಯಮ, ಶೀಲ. ಶೀಲ ಮತ್ತು ಆದಿತ್ಯ. ಹರ್ಷವರ್ಧನನ ಬಿರುದಾದ ಶೀಲಾದಿತ್ಯವನ್ನು ಆ ಭಿಕ್ಷುವು ಅರ್ಥ ನೋಡಿ ಬಿಡಿಸಿ ಬರೆದಿದ್ದನು. ಮೂಡಲೂ ಪಡುವಲೂ ಗೆದ್ದ ಆ ಚಕ್ರವರ್ತಿಗೆ ಈ ನಾಡಿನವರು ಮಾತ್ರ ಮಣಿಯಲಿಲ್ಲವೆಂಬುದು ವಾಕ್ಯದ ತಾತ್ಪರ್ಯ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯು ಹರ್ಷನ ಹೆಸರಿನ ಮೇಲೆಯೇ ಶ್ಲೇಷೆಯಾಡಿ ಕೆತ್ತಿಸಿದ ಸಂಗತಿಗೆ ಪರರಾಷ್ಟ್ರದವನ ಸಾಕ್ಷಿ!

ಆ ವಾಕ್ಯಕ್ಕಿಂತ ಸ್ವಲ್ಪ ಮೊದಲು ನಾಲ್ಕು ಅಕ್ಷರಗಳು ಒಂದಕ್ಕೊಂದು ಅರ್ಥ ಕೂಡದೆ ನಿಂತಿದ್ದವು. ಮೊದಲನೆಯದು ಅವಳಿಗೆ ಚೆನ್ನಾಗಿ ಗೊತ್ತು. ಸಿಂಗಾಪುರದ ಮಕ್ಕಳೆಲ್ಲರಿಗೂ ಗೊತ್ತು. ಖಾಸಗಿ ಶಿಕವಣಿಗೆ, ಎಂದರೆ ಟ್ಯೂಶನ್ನಿಗೆ, ಬರೆಯುವ ಶಬ್ದದ ಮೊದಲಕ್ಷರವದು. ಕೊನೆಯದು ವಿದ್ಯಾರ್ಥಿನಿಲಯದ ಶಬ್ದದಲ್ಲಿ ಬರುವುದು. ಮೂರನೆಯದನ್ನು ಕೋಶದಲ್ಲಿ ಹುಡುಕಿದಳು. "ಟ್ಯೂಶನ್ನೂ ಹಾಸ್ಟೆಲ್ಲೂ ಕೂಡಿ ಏನಾತು ಅಜ್ಜಾ?" ಎಂದು ನಕ್ಕು, ಅರ್ಥವನ್ನು ಬಿಟ್ಟು ಸಪ್ಪಳವನ್ನಷ್ಟೇ ಓದಿದಳು: "ಬು, ಲ್ವೋ, ಜೀ, ಷ."

"ಇನ್ನೊಮ್ಮೆ ಓದವ್ವಾ" ಎಂದೆ.

ಇನ್ನೊಮ್ಮೆ ಬೇಗನೆ ಓದಿದಳು. ತಂದೆತಾಯಿಗಳಿಗೂ ಹೊಳೆದಿರಲಿಲ್ಲ. ಕೆರೆಯ ಆಚೆ ದಂಡೆಯ ಗುಡ್ಡವನ್ನು ತೋರಿಸಿ, "ಯಾರ ಊರಾಗ ಕೂತೀವಿ ನಾವು?" ಎಂದು ಕೇಳಿದೆನು.

ಕೂಸು ವಹಿಯನ್ನು ಮುಂದಿಟ್ಟುಕೊಂಡು ಆ ನಾಲ್ಕು ಅಕ್ಷರಗಳನ್ನು ನಾಲ್ಕು ಚೌಕಗಳಲ್ಲಿ ಬರೆದಳು. ಕೆಳಗಿನ ಸಾಲನ್ನು ನನ್ನ ಕಡೆಗೆ ಸರಿಸಿ, ಕನ್ನಡದಲ್ಲಿ ಬರೆಯೆಂದಳು. ಅದೂ ನಾಲ್ಕೇ ಅಕ್ಷರವೆಂಬುದು ಅವಳಿಗೆ ದೊಡ್ಡ ಸೋಜಿಗವಾಯಿತು. "ಇದಕ್ಕ ಯಾವ ಗೆರಿ ಮೊದಲು? ಎಲ್ಲಿಂದ ಸುರು ಮಾಡಬೇಕು?" ಎಂದು ಕೇಳಿದಳು. ಇಷ್ಟು ವರ್ಷ ಪಾಠ ಹೇಳಿದರೂ ಈ ಪ್ರಶ್ನೆಯನ್ನು ಯಾವ ಶಿಷ್ಯನೂ ನನಗೆ ಕೇಳಿರಲಿಲ್ಲ. ಅವಳ ಕೈ ಹಿಡಿದು, ಪಕಾರದಿಂದ ಆರಂಭಿಸಿ ಒಂದೊಂದನ್ನೇ ತಿದ್ದಿಸಿದೆ. ಚೀನೀ ಅಕ್ಷರವನ್ನು ಬರೆಯುವಂತೆಯೇ ಪ್ರತಿಯೊಂದನ್ನೂ ಹತ್ತು ಹತ್ತು ಸಲ ಬರೆದಳು. ಶಕಾರದ ಗುಡಿಸನ್ನು ಎರಡು ಕಡೆಗೆ ಬಿಟ್ಟಿದ್ದಳು. ತೋರಿಸಿದ ಮೇಲೆ ಹಾಕಿದಳು.